ನಾಲ್ಕು ಬಣ್ಣದ ದಾರ ಕಟ್ಟಿದ ಇಂಜಿನ್

ಇಂಜಿನ್ನು ಒಳಗೆ ಬಂದ ದಿನ ಚಿಕ್ಕಪ್ಪನ ಮನೆಯ ಮಗ್ಗದ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಚಿಕ್ಕಪ್ಪ ನಂಜುಂಡಪ್ಪ ಪಂಚೆ ಮೇಲೆತ್ತಿ ಕಟ್ಟಿಕೊಂಡು ಮಗ್ಗದ ಗುಂಡಿಯಲ್ಲಿ ನಿಂತಿದ್ದರು. ಚಿಕ್ಕಮ್ಮ ಗೌರಮ್ಮ ಬಾಗಿಲಿಗೆ ಒರಗಿ ಸೆರಗನ್ನು ಮೂಗಿಗೆ ಹಿಡಿದಿದ್ದಳು. ಹನೂರಿನಿಂದ ಬಂದಿದ್ದ ಮೆಕ್ಯಾನಿಕ್ ಸೆಲ್ವಣ್ಣ ತೊಲೆಗೆ ನೇತುಹಾಕಿದ ಚೈನ್ ಬ್ಲಾಕಿನ ಸರಪಳಿಯನ್ನು ಗಳಗಳ ಎಳೆಯುತ್ತಿದ್ದ. ನಾನು ಟಾರ್ಚು ಹಿಡಿದಿದ್ದೆ. ಹನೂರಿನ ನಾಡಕಚೇರಿಯಲ್ಲಿ ಹದಿನೇಳು ವರ್ಷ ಕಡತ ಕಟ್ಟಿ ಬಿಚ್ಚಿದ ಗುಮಾಸ್ತನಿಗೆ ಅಂಥ ಜಾಗದಲ್ಲಿ ಟಾರ್ಚು ಬಿಟ್ಟರೆ ಇನ್ನೇನು ಕೊಡುತ್ತಾರೆ.

ಅದಕ್ಕೆ ಮೊದಲು ಬೀದಿಯ ಆರು ಜನ ಗಂಡಸರು ಆ ಇಂಜಿನ್ನನ್ನು ಬಿದಿರ ಗಳಕ್ಕೆ ಕಟ್ಟಿ, ಹೆಗಲ ಮೇಲೆ ಹೊತ್ತು ತಂದು ಇಳಿಸಿ ಹೋಗಿದ್ದರು. ಅವರಲ್ಲೊಬ್ಬ, "ನಂಜುಂಡಣ್ಣ, ಮುಂದೆ ತಮಟೆಯೋರು ಒಬ್ರು ಇರ್ಬೇಕಾಗಿತ್ತು" ಎಂದು ನಕ್ಕಿದ್ದಕ್ಕೆ ಚಿಕ್ಕಮ್ಮ ಅವನೊಬ್ಬನಿಗೆ ಕಾಫಿ ಕೊಡದೆ ಕಳಿಸಿದಳು.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ ಮಾಂಬಳ್ಳಿಯಲ್ಲಿ, ಸ್ನೇಹಿತರೊಬ್ಬರ ಮಗಳ ಮದುವೆಯಲ್ಲಿ. ಧಾರೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಚಪ್ಪರದ ಹಿಂದೆ ಜನರೇಟರ್ ಶುರು ಮಾಡಿದರು. ಬೀರುವಿನಿಂದ ಅಂದೇ ತೆಗೆದು ಉಟ್ಟ ರೇಷ್ಮೆ ಸೀರೆಗಳ ವಾಸನೆಯೂ ಡೀಸೆಲ್ಲಿನ ವಾಸನೆಯೂ ಒಂದಕ್ಕೊಂದು ಬೆರೆತು ನನ್ನ ಮೂಗಿಗೆ ಬಂದವು. ಕೈಯಲ್ಲಿದ್ದ ಅಕ್ಷತೆ ಹಾಕುವುದನ್ನೂ ಮರೆತು ನಿಂತುಬಿಟ್ಟೆ. ಆ ಎರಡು ವಾಸನೆ ಒಟ್ಟಿಗೆ ಇರುವ ಜಾಗ ನನಗೆ ಗೊತ್ತಿದ್ದದ್ದು ಒಂದೇ. ಕೊಳ್ಳೇಗಾಲದ ಆ ಕೋಣೆ, ಆರೇಳು ವರ್ಷದ ಹಿಂದಿನ ಆ ಆಷಾಢ.

ಚಿಕ್ಕಪ್ಪ ಮೊದಲು ನೇಕಾರರು. ನಮ್ಮ ಮನೆತನದಲ್ಲಿ ಎಲ್ಲರೂ ಅದೇ. ಅವರ ಮನೆಯ ನಡುಕೋಣೆಯಲ್ಲಿ ನೆಲಕ್ಕೆ ತೋಡಿದ ಗುಂಡಿ ಇದೆ. ಅದರೊಳಗೆ ಕಾಲು ಇಳಿಬಿಟ್ಟು, ತುಳಿಯುವ ಪಟ್ಟಿಯ ಮೇಲೆ ಪಾದವಿಟ್ಟು, ಎದೆಯ ಮಟ್ಟಕ್ಕೆ ಬರುವ ಮಗ್ಗದಲ್ಲಿ ನೇಯುವುದು. ಚಿಕ್ಕಮ್ಮನ ಕೆಲಸ ಹಾಸು ಕೆಚ್ಚುವುದು. ಅಂದರೆ, ಒಂದು ಸೀರೆಯ ಉದ್ದದ ನೂಲು ಮುಗಿಯುತ್ತಾ ಬಂದಾಗ ಹಳೇ ನೂಲಿನ ಒಂದೊಂದು ಎಳೆಯ ತುದಿಗೂ ಹೊಸ ನೂಲಿನ ಒಂದೊಂದು ಎಳೆಯನ್ನು ಗಂಟು ಹಾಕಿ ಸೇರಿಸುವುದು. ಸಾವಿರಾರು ಎಳೆ. "ಸಿಕ್ಕು ಬಿಡಿಸೋಳಿಗೆ ಉಗುರೂ ಇರಬಾರದು, ಕೋಪವೂ ಇರಬಾರದು" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಚಿಕ್ಕಮ್ಮನಿಗೆ ಎರಡೂ ಇರಲಿಲ್ಲ. ಆಮೇಲೆ ಮಗ್ಗದ ಕೆಲಸ ಕಡಿಮೆಯಾಯಿತು. ಚಿಕ್ಕಪ್ಪ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ ಒಂದು ಹಳೇ ಡೀಸೆಲ್ ಕಾರು ತಂದರು. ಮಕ್ಕಳಿಲ್ಲದ ಮನೆ. ಕಾರಿಗೆ ಅರಿಶಿನ ಕುಂಕುಮ ಇಟ್ಟು ಚಿಕ್ಕಮ್ಮ ಒಳಗೆ ಕರೆದುಕೊಂಡಳು. ಇಪ್ಪತ್ತು ವರ್ಷ ಬಾಡಿಗೆ ಓಡಿಸಿದರು. ನಮ್ಮ ಬೀದಿಯಲ್ಲಿ ಬೆಟ್ಟದ ದೇವರಿಗೆ ಹರಕೆ ಹೊತ್ತವರೂ ಆ ಕಾರಿನಲ್ಲೇ ಹೋದರು, ಬಸುರಿಯರೂ ಆ ಕಾರಿನಲ್ಲೇ ಹೋದರು. ಮಧ್ಯೆ ಒಮ್ಮೆ ಇಂಜಿನ್ ಸೋತಾಗ ತಾವೇ ಬಿಚ್ಚಿ ತಾವೇ ಸೇರಿಸಿದ್ದರು. ಆ ಮಾತನ್ನು ಹೇಳಿ ಮುಗಿಸುವುದಕ್ಕೆ ಅವರಿಗೆ ಒಂದು ಲೋಟ ಕಾಫಿ ಸಾಲುತ್ತಿರಲಿಲ್ಲ.

ಆ ವರ್ಷ ಬೇಸಿಗೆಯ ಕೊನೆಗೆ ಹನೂರಿನಲ್ಲಿ ಯಾರನ್ನೋ ಬಿಟ್ಟು ವಾಪಸ್ ಬರುವಾಗ ಕಚೇರಿಯ ಹತ್ತಿರ ನಿಲ್ಲಿಸಿ, "ಬಸ್ಸಿಗೆ ಯಾಕ್ ಕಾಯ್ತೀಯ, ಅತ್ಲಾ" ಎಂದರು. ಹತ್ತಿದೆ. ಮಧ್ಯಾಹ್ನದ ಬಿಸಿಲು, ಮುಂದಿನ ಸೀಟು, ಕಣ್ಣು ಎಳೆಯಿತು. ಕಾಮಗೆರೆ ದಾಟಿದ ಮೇಲೆ ಕಲ್ಲು ಕುಟ್ಟಿದ ಹಾಗೆ ಶಬ್ದ ಕೇಳಿ ಎಚ್ಚರವಾಯಿತು. ಇನ್ನೆರಡು ಸಲ ಕುಟ್ಟಿ ಇಂಜಿನ್ ನಿಂತೇ ಹೋಯಿತು. ಆಯಿಲೆಲ್ಲ ಎಲ್ಲೋ ಸೋರಿಹೋಗಿತ್ತು.

"ದೀಪ ಅತ್ಲಿಲ್ಲ ಕಣ್ಲಾ, ಮಾದೇಸ" ಎಂದರು ಚಿಕ್ಕಪ್ಪ. "ಆಯಿಲ್ ಇಲ್ದಿದ್ರೆ ಕೆಂಪು ದೀಪ ಅತ್ಬೇಕು. ಅತ್ಲಿಲ್ಲ. ಅತ್ತಿದ್ರೆ ನಿಲ್ಲುಸ್ತಿರ್ಲಿಲ್ವಾ."

ಸೆಲ್ವಣ್ಣ ಹನೂರಿನಿಂದ ಬಂದು, ಹಗ್ಗ ಕಟ್ಟಿ ಮನೆಯವರೆಗೆ ಎಳೆದು ತಂದ. ಅಂಗಳದಲ್ಲಿ ನಿಲ್ಲಿಸಿ ಸುಮ್ಮನೆ ಕೀಲಿ ತಿರುಗಿಸಿ ನೋಡಿದ. "ದೀಪ ಚೆನ್ನಾಗೇ ಉರೀತದಲ್ಲ, ಅಣ್ಣೇ."

"ಈಗ ಉರೀತದೆ. ಆಗ ಉರೀಲಿಲ್ಲ."

"ಸರಿಂಗ" ಎಂದ ಸೆಲ್ವಣ್ಣ. ಅವನ ಮನೆಮಾತು ತಮಿಳು. ಜಗಳ ಬೇಡ ಎನಿಸಿದಾಗಲೆಲ್ಲ ಅದಕ್ಕೆ ಹೋಗಿಬಿಡುತ್ತಿದ್ದ.

ಅಲ್ಲಿಂದ ಶುರುವಾಯಿತು ನೋಡಿ ಚರ್ಚೆ. ಸೆಲ್ವಣ್ಣನ ಸಲಹೆ ಒಂದೇ. ಕೊಯಮತ್ತೂರಿನ ಕಡೆ ಒಂದು ಕಾರ್ಖಾನೆ ಇದೆಯಂತೆ. ಅಲ್ಲಿ ಹಳೇ ಇಂಜಿನ್ನುಗಳನ್ನು ಪೂರ್ತಿ ಬಿಚ್ಚಿ, ಅಳತೆ ನೋಡಿ, ಸವೆದದ್ದೆಲ್ಲ ಬಿಸಾಕಿ ಹೊಸದು ಕೂರಿಸಿ, ಓಡಿಸಿ ನೋಡಿ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಒಂದು ವರ್ಷ ಗ್ಯಾರಂಟಿ. ನಮ್ಮ ಹಳೇ ಇಂಜಿನ್ನನ್ನು ಅವರಿಗೆ ಕೊಟ್ಟುಬಿಡಬೇಕು, ಅಷ್ಟೆ. ಮೂರು ದಿನಕ್ಕೆ ಗಾಡಿ ರೋಡಿಗೆ.

"ಅದನ್ನ ಸೇರ್ಸಿದೋನು ಯಾರ್ಲಾ?" ಎಂದರು ಚಿಕ್ಕಪ್ಪ.

"ಕಂಪ್ನಿ ಅಣ್ಣೇ."

"ಕಂಪ್ನಿಗೆ ಕೈ ಇದ್ದದಾ? ಸೇರ್ಸಿದೋನ್ ಎಸ್ರೇಳು."

"ಎಸರು ತಕ್ಕಂಡು ಏನ್ ಮಾಡೀರಿ, ಎಣ್ಣು ಕೊಟ್ಟೀರಾ?"

"ಒಸ ನೂಲು ಬಂತು ಅಂತ ಮಗ್ಗದ ಮೇಲಿರೋದನ್ನ ಕತ್ತರಿಸಿ ಎಸ್ದೋರು ಉಂಟೇನ್ಲಾ? ಅಳೇದರ ತುದೀಗೇ ಕೆಚ್ಕಬೇಕು. ಬ್ಲಾಕ್ ಗಟ್ಟಿಯಾಗೇ ಅದೆ. ಬೋರ್ ಒಡಿಸಿ ಒಸ ಪಿಸ್ಟನ್ ಆಕುದ್ರೆ ಇನ್ನತ್ತು ವರ್ಷ ಓಡ್ತದೆ. ನಾನೇ ಮಾಡ್ತೀನಿ."

ನಾನು ಸೆಲ್ವಣ್ಣನ ಪಕ್ಷ. ಚಿಕ್ಕಪ್ಪನಿಗೆ ಅರವತ್ತನಾಲ್ಕು. ಆ ವಯಸ್ಸಿನಲ್ಲಿ ಕಬ್ಬಿಣ ಎತ್ತಿ ಇಳಿಸುವುದೇನು ತಮಾಷೆಯೇ? ಚಿಕ್ಕಮ್ಮನೂ, "ಕೊಂಡ್ಕಂಬಂದ್ರೆ ನಾಕ್ ದಿನದಲ್ಲಿ ನನ್ ಅಂಗಳ ನಂಗೆ ಸಿಕ್ತದೆ" ಎಂದಳು. ನಾವು ಮೂರು ಜನ, ಅವರು ಒಬ್ಬರು. ಗೆದ್ದವರು ಅವರೇ. ನಮ್ಮ ಮನೆಯಲ್ಲಿ ಎಣಿಕೆ ಹಾಗೆಯೇ.

ಹೀಗೆ ಇಂಜಿನ್ನು ಮಗ್ಗದ ಕೋಣೆಗೆ ಬಂತು. ಗುಂಡಿಯ ಅಡ್ಡಕ್ಕೆ ಎರಡು ದಪ್ಪ ದಿಮ್ಮಿ ಹಾಕಿ, ಅದರ ಮೇಲೆ ಅದನ್ನು ಇಳಿಸಿದ್ದಾಯಿತು. ಚಿಕ್ಕಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಇಂಜಿನ್ನು ಸರಿಯಾಗಿ ಎದೆಯ ಮಟ್ಟಕ್ಕೆ ಬರುತ್ತಿತ್ತು, ಹಿಂದೆ ಮಗ್ಗ ಬರುತ್ತಿದ್ದ ಹಾಗೆ. ಸಂಜೆ ಹನೂರಿನ ಬಸ್ಸಿಳಿದು ಹೋಗಿ ನೋಡಿದರೆ ಅವರು ನಟ್ಟು ಬಿಚ್ಚುತ್ತಿರುತ್ತಿದ್ದರು, ಕೆಳಗೆ ಪಾದಗಳು ಈಗ ಅಲ್ಲಿಲ್ಲದ ಪಟ್ಟಿಯನ್ನು ಒಂದಾದ ಮೇಲೊಂದು ತುಳಿಯುತ್ತಿರುತ್ತಿದ್ದವು. ಅವರಿಗೆ ಅದು ಗೊತ್ತೇ ಇರಲಿಲ್ಲ.

ನಾಲ್ಕು ಸಿಲಿಂಡರಿನ ಇಂಜಿನ್ನು. ಒಂದೊಂದಕ್ಕೂ ಒಂದು ಪಿಸ್ಟನ್, ಅದರ ಕೆಳಗೊಂದು ಉದ್ದನೆಯ ರಾಡು, ರಾಡಿನ ಕೊನೆಗೆ, ಇಂಜಿನ್ನಿನ ನಡುವೆ ತಿರುಗುವ ದಂಡವನ್ನು ಅಪ್ಪಿ ಹಿಡಿಯುವ ಅರ್ಧ ಬಳೆಯಂಥ ಮುಚ್ಚಳ. ಯಾವ ರಾಡಿನ ಮುಚ್ಚಳವೋ ಅದು ಆ ರಾಡಿಗೇ ಸೇರಬೇಕು. ಅದಲು ಬದಲಾದರೆ ನಡುವಿನ ದಂಡ ಬಿಗಿದುಕೊಳ್ಳುತ್ತದೆ, ತಿರುಗುವುದಿಲ್ಲ. ಅದಕ್ಕೆ ಮೆಕ್ಯಾನಿಕ್‌ಗಳು ಬಿಚ್ಚುವ ಮೊದಲೇ ಉಳಿಯಿಂದ ಒಂದು ಚುಕ್ಕಿ, ಎರಡು ಚುಕ್ಕಿ ಎಂದು ಹೊಡೆದು ಗುರುತು ಮಾಡುತ್ತಾರೆ. ಸೆಲ್ವಣ್ಣ ಅದನ್ನೇ ಹೇಳಿದ. ಚಿಕ್ಕಪ್ಪ ಕೇಳಲಿಲ್ಲ. "ಕಬ್ಣಕ್ಕೆ ಯಾಕ್ಲಾ ಗಾಯ ಮಾಡೀಯೆ" ಎಂದು ಅಟ್ಟದ ಡಬ್ಬಿಯಿಂದ ಹಳೇ ರೇಷ್ಮೆ ದಾರ ತೆಗೆಸಿದರು. ಮೊದಲನೇದಕ್ಕೆ ಕೆಂಪು, ಎರಡನೇದಕ್ಕೆ ಹಸಿರು, ಮೂರನೇದಕ್ಕೆ ಹಳದಿ, ನಾಲ್ಕನೇದಕ್ಕೆ ನೀಲಿ. ರಾಡಿಗೂ ಅದೇ ಬಣ್ಣ, ಮುಚ್ಚಳಕ್ಕೂ ಅದೇ ಬಣ್ಣ. ಡಬ್ಬಿಯಿಂದ ಬಣ್ಣ ಆರಿಸಿ ಕೊಟ್ಟವಳು ಚಿಕ್ಕಮ್ಮ. ಕಟ್ಟಿದವರು ಅವರು. ಸೆಲ್ವಣ್ಣ ಇದನ್ನು ನೋಡಿ, "ಅಕ್ಕೋವ್, ಇನ್ನೇನು ಕುಪ್ಪಸ ಒಲ್ಸಿ ಆಕ್ಬುಡಿ" ಎಂದು ಹೇಳಿ ಹನೂರಿನ ಬಸ್ಸು ಹತ್ತಿದ.

ಇಂಜಿನ್ನಿನ ಮೈ, ಅಂದರೆ ಬ್ಲಾಕು, ಮೈಸೂರಿಗೆ ಹೋಗಿ ಸವೆದ ಸಿಲಿಂಡರುಗಳಿಗೆ ಬೋರ್ ಹೊಡೆಸಿಕೊಂಡು ಹದಿನೈದು ದಿನಕ್ಕೆ ವಾಪಸ್ ಬಂತು. ಅಷ್ಟರಲ್ಲಿ ಆಷಾಢದ ಗಾಳಿ ಎದ್ದಿತ್ತು. ನಮ್ಮ ಕಡೆಯ ಆಷಾಢ ನಿಮಗೆ ಗೊತ್ತಿರಬೇಕು. ಮೋಡ ದಿನವೂ ಬರುತ್ತದೆ, ನಮ್ಮನ್ನು ಗುರುತಿಲ್ಲದವರ ಹಾಗೆ ದಾಟಿ ಹೋಗುತ್ತದೆ. ಉಳಿಯುವುದು ಗಾಳಿ ಮತ್ತು ಧೂಳು. ಬಿಚ್ಚಿದ ಇಂಜಿನ್ನಿಗೆ ಧೂಳು ಕೂರಬಾರದೆಂದು ಚಿಕ್ಕಮ್ಮ ತನ್ನ ಹಳೇ ಸೀರೆ ಹೊದಿಸಿದಳು. ಡೀಸೆಲ್ ತಟ್ಟೆಯಲ್ಲಿ ರಾಡುಗಳು, ಮುಚ್ಚಳಗಳು ದಾರ ಕಟ್ಟಿಸಿಕೊಂಡು ಮಲಗಿದ್ದವು.

ಸೇರಿಸಲು ಶುರು ಮಾಡಿದ್ದು ಒಂದು ಶನಿವಾರ ಸಂಜೆ. ನಾನು ಟಾರ್ಚು ಹಿಡಿದು ಗುಂಡಿಯ ಅಂಚಿನಲ್ಲಿ ಕೂತಿದ್ದೆ. ಚಿಕ್ಕಪ್ಪ ತಟ್ಟೆಗೆ ಕೈ ಹಾಕಿ ಒಂದು ರಾಡು ಎತ್ತಿ ಮುಖದ ಹತ್ತಿರ ತಂದು ನೋಡಿದರು. ಇನ್ನೊಂದು ಎತ್ತಿದರು. ಆಮೇಲೆ ಎರಡನ್ನೂ ಕೆಳಗಿಟ್ಟರು.

"ಎಲ್ಲಾ ಕಪ್ಪಾಗೋಗವೆ. ಡೀಸೆಲ್ಲು ಬಣ್ಣ ತಿಂದಾಕ್ಬುಟ್ಟದೆ, ಮಾದೇಸ."

ನಾನು ಟಾರ್ಚು ತಗ್ಗಿಸಿ ನೋಡಿದೆ. ದಾರಗಳು ಎಣ್ಣೆಯಲ್ಲಿ ನೆಂದಿದ್ದವು, ನಿಜ. ಆದರೆ ಕೆಂಪು ಕೆಂಪಾಗಿಯೇ ಇತ್ತು. ಹಸಿರು ಹಸಿರೇ. ಹಳದಿ ಒಂದಿಷ್ಟು ಮಾಸಿತ್ತು, ಅಷ್ಟೆ. ನಮ್ಮ ಮನೆತನದವರು ಹಾಕಿಸಿದ ಬಣ್ಣ ಅದು, ಡೀಸೆಲ್ಲಿಗೆಲ್ಲ ಬಿಡುವಂಥದ್ದಲ್ಲ. ಅದನ್ನೇ ಹೇಳಲು ಬಾಯಿ ತೆರೆದೆ.

"ಊಂ ಕಣ್ರಿ" ಎಂದಳು ಚಿಕ್ಕಮ್ಮ ಬಾಗಿಲಿನಿಂದ. "ಎಲ್ಲಾ ಕಪ್ಪಾಗವೆ."

ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿದೆ.

"ಓಗ್ಲಿ ಬುಡು" ಎಂದರು ಚಿಕ್ಕಪ್ಪ. "ಒಂದೊಂದೇ ಕೊಡು. ಕೈಯಲ್ಲಿ ಕೂರ್ಸಿ ನೋಡ್ತೀನಿ. ಜೋಡಿ ಸಿಕ್ಕಿದ್ದಕ್ಕೆ ದಾರದಲ್ಲೇ ಗಂಟಾಕ್ಬುಡಾನ. ಒಂದನೇದಕ್ಕೆ ಒಂದು ಗಂಟು, ಎರಡನೇದಕ್ಕೆ ಎರಡು." ಕೈಗೆ ಸಿಕ್ಕದ್ದು ಕೊಡುತ್ತಿರುವವನ ಹಾಗೆ ನಾನು ಬಣ್ಣ ನೋಡಿ ಸರಿಯಾದ ಜೋಡಿಯನ್ನೇ ಕೊಟ್ಟೆ. ಎರಡನ್ನೂ ಕೂಡಿಸಿ ಬೆರಳಲ್ಲಿ ಸವರಿ, "ಇದೇ ಜೋಡಿ" ಎಂದು ನಾಲ್ಕು ಸಲವೂ ಹೇಳಿದರು. ಗಂಟು ಹಾಕಿದರು. ತುಂಬ ಖುಷಿಯಲ್ಲಿದ್ದರು.

ಅಡುಗೆಮನೆಯಲ್ಲಿ ಚಿಕ್ಕಮ್ಮನನ್ನು ಕೇಳಿದೆ, "ಎಷ್ಟು ದಿನದಿಂದ?"

ಅವಳು ಸೊಪ್ಪು ಬಿಡಿಸುತ್ತಿದ್ದಳು. "ಉಗಾದೀಲಿ ಬೇವು ತಂದಿದ್ನಲ್ಲ, ಊವ ಯಾವ್ದು ಎಲೆ ಯಾವ್ದು ಅಂತ ಮುಟ್ಟಿ ಮುಟ್ಟಿ ನೋಡ್ತಿದ್ರು. ಅದಕ್ ಮುಂಚೆ ಎಷ್ಟ್ ದಿನವೋ. ನಂಗೇಳಲ್ಲ ಕಣಪ್ಪ. ಡಾಕ್ಟ್ರ ಎಸರೆತ್ತಿದ್ರೆ ಊಟ ಬುಡ್ತಾರೆ."

ಆಗ ನನಗೆ ಕೀಲಿ ತಿರುಗಿಸಿದಾಗ ಹೊತ್ತಿದ ದೀಪ ನೆನಪಾಯಿತು. ಕಾಮಗೆರೆಯಿಂದ ಆಚೆ ಅದು ಎಷ್ಟು ದೂರದಿಂದ ಉರಿಯುತ್ತಿತ್ತೋ. ಎದುರಿಗೆ ಎಷ್ಟು ಲಾರಿ, ಎಷ್ಟು ಸ್ಕೂಟರು, ಎಷ್ಟು ಮಕ್ಕಳು ಹಾದುಹೋದರೋ. ಪಕ್ಕದಲ್ಲಿ ನಾನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದೆ.

ಅಂದಿನಿಂದ ನಮ್ಮ ಎಣಿಕೆ ತಲೆಕೆಳಗಾಯಿತು. ಎರಡು ದಿನ ಕಳೆದು ಚಿಕ್ಕಪ್ಪ ಬೆನ್ನು ನೀವಿಕೊಳ್ಳುತ್ತಾ, "ಸಾಕಾಯ್ತು ಕಣ್ಲಾ. ಸೆಲ್ವಂಗೆ ಏಳ್ಬುಡು, ಆ ಕೊಯಮತ್ತೂರಿಂದೇ ತರ್ಲಿ" ಎಂದರು. ಒಂದು ತಿಂಗಳಿಂದ ನಾನು ಕೇಳಬೇಕೆಂದಿದ್ದ ಮಾತು. ಆದರೆ ಆ ಇಂಜಿನ್ನು ಬಂದರೆ ಮೂರೇ ದಿನ. ಶ್ರಾವಣಕ್ಕೆ ಅವರು ಬೆಟ್ಟದ ತಿರುವಿನಲ್ಲಿ ಸ್ಟೇರಿಂಗ್ ಹಿಡಿದಿರುತ್ತಾರೆ, ಹಿಂದೆ ನಾಲ್ಕೈದು ಜನ ಕೂತಿರುತ್ತಾರೆ.

"ಬೇಡ ಚಿಕ್ಕಪ್ಪ" ಎಂದೆ. "ಇಷ್ಟು ಮಾಡಿದ್ದೀರಿ. ನೀವೇ ಮಾಡಿ ಮುಗಿಸಿ."

ಅವರು ನನ್ನ ಕಡೆ ನೋಡಿದರು. ನನ್ನ ಕಡೆ ಎಂದರೆ, ನನ್ನ ಎಡಭುಜದ ಕಡೆ. "ನೀನ್ ಯಾವಾಗ್ಲಾ ಪಕ್ಷ ಬದಲಾಯಿಸ್ದೆ?"

"ಗ್ಯಾರಂಟಿ ಒಂದೇ ವರ್ಷ ಅಂತೆ. ನಿಮ್ಮದು ಹತ್ತು ವರ್ಷ ಓಡುತ್ತದೆ ಅಂದಿರಲ್ಲ."

"ಗೌರಿ, ಕೇಳ್ಸತೇನೇ" ಎಂದು ಕೂಗಿದರು. "ಗುಮಾಸ್ತಂಗೂ ಬುದ್ಧಿ ಬಂತು."

ಮತ್ತೆ ಗುಂಡಿಗೆ ಇಳಿದರು. ಒಂದು ಸುಳ್ಳು ಮನುಷ್ಯನಿಗೆ ಅಷ್ಟು ಬಲ ಕೊಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನೋಡಿ ಸಂತೋಷಪಡಲೂ ಆಗಲಿಲ್ಲ.

ರಾಡು ಹಾಕಿದರು, ಮುಚ್ಚಳ ಹಾಕಿದರು, ನಟ್ಟು ಬಿಗಿದರು, ದಂಡ ತಿರುಗಿಸಿದರು. ತಿರುಗಲಿಲ್ಲ. ಬಿಚ್ಚಿದರು. ಒರೆಸಿದರು. ಮರುದಿನ ಮತ್ತೆ ಹಾಕಿದರು. ತಿರುಗಲಿಲ್ಲ. ಒಂದು ವಾರವಾಯಿತು, ಹತ್ತು ದಿನವಾಯಿತು. ಸರಿಯಾದ ಜೋಡಿಗಳನ್ನು ನಾನೇ ಕೊಟ್ಟಿದ್ದೆನಲ್ಲ, ಹೀಗೇಕೆ ಎಂದು ನನಗೂ ತಿಳಿಯಲಿಲ್ಲ. ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ. ಊಟವಾದ ಮೇಲೆ ಚಿಕ್ಕಪ್ಪ ಒಂದು ಗಂಟೆ ಮಲಗುತ್ತಾರೆ. ನಾನು ಸದ್ದಿಲ್ಲದೆ ಒಳಗೆ ಬಂದರೆ ಗುಂಡಿಯ ಅಂಚಿನಲ್ಲಿ ಚಿಕ್ಕಮ್ಮ ಕೂತಿದ್ದಳು. ಮಡಿಲಲ್ಲಿ ಎರಡು ಮುಚ್ಚಳ. ಎರಡರ ದಾರವನ್ನೂ ಬಿಚ್ಚಿ, ಇದರ ದಾರವನ್ನು ಅದಕ್ಕೆ, ಅದರ ದಾರವನ್ನು ಇದಕ್ಕೆ ಗಂಟು ಹಾಕುತ್ತಿದ್ದಳು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಇದು ಕೂಡ್ಕಂಡ್ರೆ ಅವ್ರು ರೋಡಿಗೋಗ್ತಾರೆ" ಎಂದಳು. "ಕೂಡ್ದೆ ಇದ್ರೆ ಮನೇಲಿರ್ತಾರೆ. ಇನ್ನೇನು ಮಾಡ್ಲಿ, ನೀನೇ ಏಳು."

ಅವಳ ಕೈಯ ಮುಚ್ಚಳವನ್ನು ಒರೆಸಿ ತಟ್ಟೆಯಲ್ಲಿಟ್ಟೆ. ಅಲ್ಲಿಗೆ ನಾನೂ ಅದರಲ್ಲಿ ಸೇರಿದ ಹಾಗಾಯಿತು.

ನನಗೆ ತೋಚಿದ್ದು ಒಂದೇ. ಯಳಂದೂರಿಗೆ ಹೋಗಿ ಡ್ರೈವಿಂಗ್ ಕಲಿಯಲು ಸೇರಿದೆ. ಕೊಳ್ಳೇಗಾಲದಲ್ಲಿ ಕಲಿತರೆ ಸುದ್ದಿ ಚಿಕ್ಕಪ್ಪನ ಕಿವಿಗೆ ಬೀಳಲು ಕಾಲು ಗಂಟೆ ಸಾಕು. ಅವರಿರುವಾಗ ಅವರ ಮನೆಯಲ್ಲಿ ಇನ್ನೊಬ್ಬ ಕಾರು ಕಲಿಯುವುದೆಂದರೆ ಅವರಿಗೆ ಸತ್ತ ಹಾಗೆ. ರಜೆ ಹಾಕಿ ಮಾಂಬಳ್ಳಿ ರಸ್ತೆಯಲ್ಲಿ ಹೋಗಿ ಬಂದು ಮಾಡಿದೆ. ಕಲಿಸುವವನು, "ಸಾ, ಬ್ರೇಕ್ ಮೇಲೆ ಕಾಲಿಟ್ಕಂಡೇ ಉಟ್ಟುದ್ರಾ?" ಎಂದು ಕೇಳುತ್ತಿದ್ದ. ನಲವತ್ತು ದಾಟಿದವನಿಗೆ ರಸ್ತೆಯಲ್ಲಿ ಕೋಳಿ ಕಂಡರೂ ಭಯ.

ಚಿಕ್ಕಪ್ಪ ಮಾತ್ರ ದಿನದಿಂದ ದಿನಕ್ಕೆ ಕುಗ್ಗಿದರು. ಮಾತು ಕಡಿಮೆಯಾಯಿತು. ಒಂದು ಸಂಜೆ ದೀಪದ ಕೆಳಗೆ ಎರಡೂ ಕೈ ಚಾಚಿಕೊಂಡು ಕೂತಿದ್ದರು. "ಓದ್ಸಲ ಅತ್ತೇ ದಿನಕ್ಕೆ ಆಗಿತ್ತು" ಎಂದರು. "ಈಗ ಕೈ ಓಗ್ಬುಟ್ಟದೆ ಕಣ್ಲಾ. ಕೈ ಓದ್ಮೇಲೆ ಇನ್ನೇನದೆ." ಚಿಕ್ಕಮ್ಮ ಒಲೆಯ ಮುಂದೆ ಹೋಗಿ ಕೂತಳು. ಒಲೆ ಹತ್ತಿಸಿರಲಿಲ್ಲ. ಕಣ್ಣಿನ ಸುದ್ದಿ ಮುಚ್ಚಿಡಲು ಹೋಗಿ ಅವರ ಕೈಯನ್ನೇ ಕಿತ್ತುಕೊಂಡಿದ್ದೆವು. ಹೇಳಿದರೆ ಒಂದು ಹೋಗುತ್ತದೆ, ಹೇಳದಿದ್ದರೆ ಇನ್ನೊಂದು.

ಆಷಾಢ ಮುಗಿಯಲು ನಾಲ್ಕು ದಿನವಿತ್ತು. ಭಾನುವಾರ, ಮಧ್ಯಾಹ್ನ. ನಿದ್ದೆಯಿಂದ ಎದ್ದು ಬಂದು ಗುಂಡಿಗೆ ಇಳಿದರು. ನಾನು ಅಂಚಿನಲ್ಲಿದ್ದೆ. ಗಾಳಿ ಹೆಂಚಿನ ಮೇಲೆ ಧೂಳು ಎರಚುತ್ತಿತ್ತು. ಒಂದು ಮುಚ್ಚಳ ತೆಗೆದುಕೊಂಡರು. ಹೆಬ್ಬೆರಳು ಗಂಟಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಮತ್ತೊಂದು ಸಲ ಸವರಿದರು. ಇನ್ನೊಂದು ಮುಚ್ಚಳ ತೆಗೆದು ಅದರ ಗಂಟನ್ನೂ ಸವರಿದರು.

"ಗೌರಿ."

"ಆ."

"ಬಾ ಇಲ್ಲಿ."

ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ನಿಂತಳು.

"ಇದು ನನ್ ಗಂಟಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂದು ಬಲಕ್ಕೆ ತಿರುಗ್ತದೆ. ಇದು ಎಡಕ್ಕೆ ತಿರುಗಿ ಒಳಗೆ ನುಗ್ತದೆ. ಇಪ್ಪತ್ತೆರಡು ವರ್ಷ ನೀನು ಕೆಚ್ಚಿದ ಹಾಸಿನ ಮೇಲೆ ಲಾಳಿ ಓಡ್ಸಿವ್ನಿ. ನಿನ್ ಗಂಟು ನಂಗೆ ಗೊತ್ತಾಗಲ್ವೇನೇ?"

ಚಿಕ್ಕಮ್ಮ ಗುಂಡಿಯ ಅಂಚಿನಲ್ಲಿ ಕೂತಳು.

"ಎಷ್ಟ್ ಸಲ?"

"ಏಳೆಂಟು ಸಲ ಕಣ್ರಿ."

ಚಿಕ್ಕಪ್ಪ ತಲೆ ಹಿಂದಕ್ಕೆ ಒರಗಿಸಿದರು. ನಾನು ಎದ್ದು ಹೋಗೋಣವೆಂದುಕೊಂಡೆ. ಅಷ್ಟರಲ್ಲಿ ಅವರು ನಕ್ಕರು. ಸಣ್ಣದಾಗಿ, ಎದೆಯೊಳಗೇ. "ಅಯ್ಯೋ ನಿನ್ನ. ಕೈ ಓಯ್ತು ಅಂದ್ಕಂಡಿದ್ನಲ್ಲೇ ನಾನು. ಅಂಗಾರೆ ಕೈ ಓಗಿಲ್ಲ."

"ಇಲ್ಲ ಕಣ್ರಿ. ಕೈ ಎಲ್ಲೂ ಓಗಿಲ್ಲ."

ಆಮೇಲೆ ಕೈಲಿದ್ದ ಮುಚ್ಚಳವನ್ನು ಅವಳ ಕಡೆ ಹಿಡಿದು ಕೇಳಿದರು, "ಈ ದಾರ ಯಾವ ಬಣ್ಣ?"

ಚಿಕ್ಕಮ್ಮ ನನ್ನ ಮುಖ ನೋಡಿದಳು.

"ಕೆಂಪು" ಎಂದಳು.

"ಕೆಂಪಾ." ಮುಚ್ಚಳವನ್ನು ತಟ್ಟೆಯಲ್ಲಿಟ್ಟರು. "ಅವತ್ತು ಆ ದೀಪಾನೂ ಅತ್ತಿತ್ತೇನ್ಲಾ, ಮಾದೇಸ?"

"ಗೊತ್ತಿಲ್ಲ ಚಿಕ್ಕಪ್ಪ. ನಾನು ನಿದ್ದೆ ಮಾಡ್ತಿದ್ದೆ."

"ಅತ್ತಿರ್ತದೆ" ಎಂದರು.

ಆಮೇಲೆ ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಾರಗಳನ್ನು ಮೊದಲಿನ ಮುಚ್ಚಳಗಳಿಗೇ ಕಟ್ಟಿಸಿ, ಬಣ್ಣ ಅವಳಿಂದ ಹೇಳಿಸಿ, ನಾಲ್ಕೂ ರಾಡು ನಾಲ್ಕೂ ಮುಚ್ಚಳ ಕೂರಿಸಿದರು. ನಟ್ಟು ಬಿಗಿದರು. "ತಿರುಗ್ಸು" ಎಂದರು ನನಗೆ. ತಿರುಗಿಸಿದೆ. ತೊಟ್ಟಿಲು ತೂಗಿದಷ್ಟು ಹಗುರವಾಗಿ ದಂಡ ತಿರುಗಿತು. ನಾಲ್ಕು ಪಿಸ್ಟನ್ನುಗಳು ಎರಡು ಮೇಲೆ ಎರಡು ಕೆಳಗೆ ಹೋಗಿ ಬಂದವು. ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಮ್ಮೆ ತಿರುಗಿಸಲು ಹೇಳಿ ಇನ್ನೊಮ್ಮೆ ಕೇಳಿದರು.

"ಇಲ್ಲೀಗಂಟ ಬೆರಳು ಬಂತು" ಎಂದರು. "ಇನ್ಮೇಲೆ ಟೈಮಿಂಗು. ಈ ಚಕ್ರದ ಮೇಲೊಂದು ಕೂದಲಿನಂಗೆ ಗೆರೆ, ಆ ಚಕ್ರದ ಮೇಲೊಂದು. ಎರಡೂ ಎದುರುಬದುರು ಬರ್ಬೇಕು. ಗೆರೆ ಬೆರಳಿಗೆ ಸಿಕ್ಕಲ್ಲ."

"ನಾನು ನೋಡಿ ಹೇಳ್ತೀನಿ" ಎಂದೆ.

"ನೀನೇಳಿದ್ ಗೆರೆ ಮೇಲೆ ನಾಕ್ ಜನಾನ ಬೆಟ್ಟ ಅತ್ಸಲಾ?" ಎಂದರು. ಆಮೇಲೆ, "ನಾನ್ ಕಂಡಿದ್ ಗೆರೆ ಮೇಲೂ ಬ್ಯಾಡ. ಸೆಲ್ವಂಗೆ ಫೋನ್ ಮಾಡು. ಗ್ಯಾರಂಟಿ ಇರೋದೇ ಬರ್ಲಿ."

ಪೆಟ್ಟಿಗೆ ಶ್ರಾವಣದ ಮೊದಲ ವಾರ ಬಂತು. ಸೆಲ್ವಣ್ಣ ಹೊಸದನ್ನು ಕಾರಿಗೆ ಇಳಿಸಿ, ಹಳೆಯದನ್ನು ಕಟ್ಟಿಸಿದ. ಚಿಕ್ಕಪ್ಪ ಕೂಡಿಸಿದ್ದನ್ನು ತಾನೂ ಒಮ್ಮೆ ತಿರುಗಿಸಿ ನೋಡಿ, "ಅಣ್ಣೇ, ಇದನ್ನ ಬಿಚ್ಚೋಕೆ ಅವ್ರಿಗೆ ಮನಸ್ಸು ಬರಲ್ಲ" ಎಂದ. ಕಳಿಸುವ ಮುಂಚೆ ಚಿಕ್ಕಮ್ಮ ಕತ್ತರಿ ತಂದು ನಾಲ್ಕು ಬಣ್ಣದ ದಾರವನ್ನೂ ಕತ್ತರಿಸಿ, ತನ್ನ ಡಬ್ಬಿಗೆ ಹಾಕಿಕೊಂಡಳು.

ಶ್ರಾವಣದ ಕೊನೆಯ ಸೋಮವಾರ ಮೈಸೂರಿನ ಕಣ್ಣಾಸ್ಪತ್ರೆಗೆ ಹೊರಟೆವು. ಯಳಂದೂರಿನಲ್ಲಿ ಕಲಿತು ಲೈಸೆನ್ಸು ಆಗಿದೆ ಎಂದು ಹಿಂದಿನ ದಿನವಷ್ಟೇ ಹೇಳಿದ್ದೆ. "ಗೊತ್ತು, ಮಾಂಬಳ್ಳಿ ತಾವ ಕೋಳಿಗೆ ಎದ್ರುಕಂಡು ಗಾಡಿ ನಿಲ್ಸಿದ್ಯಂತೆ" ಎಂದಿದ್ದರು. ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಬಂದು, ವಾಡಿಕೆಯಂತೆ ಡ್ರೈವರ್ ಬಾಗಿಲ ಹಿಡಿಗೆ ಕೈ ಹಾಕಿದರು. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಕೈ ಬಿಟ್ಟು, ಕಾರಿನ ಮೈ ಸವರಿಕೊಂಡು ಹಿಂದಕ್ಕೆ ಹೋಗಿ, ಹಿಂದಿನ ಬಾಗಿಲು ತೆಗೆದು ಚಿಕ್ಕಮ್ಮನ ಪಕ್ಕ ಕೂತರು. ಆ ಕಾರಿನ ಹಿಂದಿನ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು.

ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದಿರುವುದಕ್ಕೆ ದಿನಾ ಹನಿ ಹಾಕಿ ಎಂದರು ಡಾಕ್ಟರು. ವಾಪಸ್ ಬರುವಾಗ ನರಸೀಪುರ ದಾಟಿದೆವು. ಅಲ್ಲಿಂದ ಆಚೆ ಸಣ್ಣಗೆ ಮಳೆ ಹನಿಯಿತು. ಹಿಂದಿನಿಂದ ಚಿಕ್ಕಪ್ಪನ ದನಿ ಬಂತು.

"ದೀಪ ನೋಡ್ತಾ ಇರು, ಮಾದೇಸ."

"ಆರಿದೆ ಚಿಕ್ಕಪ್ಪ."

"ಆರಿದ್ರೂ ನೋಡ್ತಾ ಇರು."

ಕೊಳ್ಳೇಗಾಲ ಬರುವವರೆಗೂ ನೋಡುತ್ತಾ ಬಂದೆ.